ಬಡಾವಣೆಗೆ ಸಿಸಿಟಿವಿ ಹಾಕಿಸಿದರೆ ಕಳ್ಳತನ ನಿಲ್ಲುತ್ತದೆಯೇ, ಕಳ್ಳನ ಚಿತ್ರ ಮಾತ್ರ ಸಿಗುತ್ತದೆಯೇ?

ಮೂರನೇ ಅಡ್ಡರಸ್ತೆ, ಮೈಸೂರು

ದಸರಾ ರಜೆಯ ಹೊತ್ತಿಗೆ ನಮ್ಮ ಬಡಾವಣೆಯಲ್ಲಿ ಬೀಗ ಹಾಕಿದ್ದ ಕೆಲವು ಮನೆಗಳಲ್ಲಿ ಕಳವಾಯಿತು. ಅವುಗಳಲ್ಲಿ ಒಂದು, ಒಬ್ಬರೇ ಇರುವ ನಿವೃತ್ತ ಶಿಕ್ಷಕಿಯೊಬ್ಬರ ಮನೆ. ಮಗಳ ಬಾಣಂತನಕ್ಕೆಂದು ಅವರು ಊರಿಗೆ ಹೋಗಿದ್ದರು. ಹೋದ ಬಂಗಾರದ ಮಾತು ಹಾಗಿರಲಿ, ಈಗ ಅವರು ಸ್ವಂತ ಮನೆಯಲ್ಲಿ ರಾತ್ರಿ ಒಬ್ಬರೇ ಮಲಗಲು ಹೆದರುತ್ತಿದ್ದಾರೆ. ನಮಗೆಲ್ಲ ಸಂಕಟವಾಗಿರುವುದು ಅದಕ್ಕೆ.

ನಿವಾಸಿಗಳ ಸಂಘದ ಸಭೆಯಲ್ಲಿ ಎಲ್ಲ ಅಡ್ಡರಸ್ತೆಗಳಿಗೂ ಸೇರಿ 16 ಕ್ಯಾಮೆರಾ ಹಾಕಿಸುವ ಪ್ರಸ್ತಾಪ ಬಂದಿದೆ. ಹಾಕಿಸಿದರೆ ಸಂಘದ ಖಾತೆ ಬಹುತೇಕ ಬರಿದಾಗುತ್ತದೆ. ಹಿಂಬದಿಯ ಕಾಲುವೆ ರಸ್ತೆಯಲ್ಲಿ ಬೀದಿದೀಪಗಳು ಉರಿಯುತ್ತಿಲ್ಲ, ರಾತ್ರಿ ಗಸ್ತಿನವರು ಬರುವುದೂ ಅಪರೂಪ. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಕ್ಯಾಮೆರಾದಿಂದ ನಿಜವಾಗಿಯೂ ಕಳ್ಳತನ ಕಡಿಮೆಯಾಗುತ್ತದೆಯೇ? ತಿಳಿದವರು ಆಧಾರದೊಂದಿಗೆ ಹೇಳಿದರೆ ಸಭೆಯಲ್ಲಿ ಓದಿ ಹೇಳುತ್ತೇನೆ.

ಸಂತೆಪೇಟೆ ಅಂಗಡಿ

ಹಾಕಿಸಿ, ಯೋಚನೆಯೇ ಬೇಡ. ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಒಂದು, ಬಾಗಿಲಿಗೆ ಒಂದು ಹಾಕಿಸಿದ ಮೇಲೆ ಸಣ್ಣಪುಟ್ಟ ಕಳವು ನಿಂತೇ ಹೋಯಿತು. 2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಮನೆಗೆ ಹೋಗುತ್ತಿದ್ದ ಹೆಣ್ಣುಮಗಳ ಮೇಲೆ ಬೈಕ್ ಸವಾರರು ಕೈಮಾಡಿದ್ದನ್ನು ನೆನಪಿಸಿಕೊಳ್ಳಿ. ಎದುರು ಮನೆಯವರ ಕ್ಯಾಮೆರಾದಲ್ಲಿ ಅದು ಸೆರೆಯಾಗದಿದ್ದರೆ ಆ ಪ್ರಕರಣ ಹೊರಗೆ ಬರುತ್ತಲೇ ಇರಲಿಲ್ಲ. ಅದೇ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಜಂಗುಳಿಯಲ್ಲಿ ಏನಾಯಿತು ಎಂಬುದಕ್ಕೆ ಸಾಕ್ಷ್ಯವಿಲ್ಲ ಎಂದು ದಿನಗಟ್ಟಲೆ ವಾದ ನಡೆಯಿತು. ಒಂದೇ ಊರು, ಒಂದೇ ರಾತ್ರಿ. ಸ್ಪಷ್ಟ ದೃಶ್ಯ ಇದ್ದ ಕಡೆ ಬಂಧನವಾಯಿತು.

ಬೆಳಗಿನ ಪಾಳಿ

ಸಂತೆಪೇಟೆಯವರೇ, ಆ ಹೆಣ್ಣುಮಗಳಿಗೆ ಆಗಬಾರದ್ದು ಆಗಿಯೇ ಹೋಗಿತ್ತಲ್ಲ. ಇಲ್ಲಿ ಕೇಳಿರುವುದು ತಡೆಯುವುದರ ಬಗ್ಗೆ.

ನಾನು ಬೆಂಗಳೂರಿನಲ್ಲಿ ಬೆಳಗಿನ ಜಾವ ಕೆಲಸಕ್ಕೆ ಹೊರಡುವವಳು. 2013ರ ನವೆಂಬರ್ 19ರ ಘಟನೆಯನ್ನು ನನ್ನ ವಯಸ್ಸಿನ ಯಾವ ಹೆಂಗಸೂ ಮರೆತಿಲ್ಲ. ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂಗೆ ಬ್ಯಾಂಕ್ ಉದ್ಯೋಗಿಯೊಬ್ಬರು ಬೆಳಿಗ್ಗೆ ಹೋದರು. ಹಿಂದೆಯೇ ಬಂದ ಒಬ್ಬ ಷಟರ್ ಎಳೆದ, ಚೀಲದಿಂದ ಮಚ್ಚು ತೆಗೆದ. ಒಳಗೆ ಕ್ಯಾಮೆರಾ ಇತ್ತು. ಎಲ್ಲವೂ ಅಚ್ಚುಕಟ್ಟಾಗಿ ದಾಖಲಾಯಿತು, ಅವನ ಮುಖ ಕೂಡ. ದೇಶದ ಎಲ್ಲ ವಾಹಿನಿಗಳೂ ಅದನ್ನು ಮತ್ತೆ ಮತ್ತೆ ತೋರಿಸಿದವು. ಆದರೆ ಆ ಹೊತ್ತಿನಲ್ಲಿ ಆ ದೃಶ್ಯವನ್ನು ನೋಡುತ್ತಿದ್ದವರು ಯಾರೂ ಇರಲಿಲ್ಲ, ಬಾಗಿಲಲ್ಲಿ ಕಾವಲುಗಾರನೂ ಇರಲಿಲ್ಲ. ಆಕೆ ರಕ್ತದ ಮಡುವಿನಲ್ಲಿ ಗಂಟೆಗಟ್ಟಲೆ ಬಿದ್ದಿದ್ದರು. ಇಷ್ಟು ಸ್ಪಷ್ಟವಾದ ಮುಖ ಕೈಯಲ್ಲಿದ್ದೂ ಆರೋಪಿ ಆಂಧ್ರದ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ. ಶಿಕ್ಷೆಯಾದದ್ದು 2021ರಲ್ಲಿ, ಹತ್ತು ವರ್ಷ.

ಆ ಷಟರ್ ಕೆಳಗಿಳಿದ ಕ್ಷಣದಲ್ಲಿ ಎಲ್ಲೋ ಒಬ್ಬರು ಪರದೆ ನೋಡುತ್ತಿದ್ದು, ಹತ್ತಿರದ ಠಾಣೆಗೆ ಕರೆ ಮಾಡಿದ್ದರೆ? ನನ್ನ ಪ್ರಶ್ನೆ ಇಷ್ಟೇ. ನಿಮ್ಮ 16 ಕ್ಯಾಮೆರಾಗಳ ಆ ತುದಿಯಲ್ಲಿ ಯಾರು ಕೂತಿರುತ್ತಾರೆ?

ಅಂಕಿಅಂಶ

ಆಧಾರ ಕೇಳಿದ್ದೀರಿ. ಈ ವಿಷಯದ ಮೇಲೆ ಕೈತುಂಬ ಅಧ್ಯಯನಗಳಿವೆ, ಹೆಚ್ಚಿನವು ಬ್ರಿಟನ್ ಮತ್ತು ಅಮೆರಿಕದವು ಎಂಬುದನ್ನು ನೆನಪಿನಲ್ಲಿಟ್ಟು ಓದಿ.

ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ದೊಡ್ಡ ವಿಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ಎರಿಕ್ ಪೀಜಾ, ಬ್ರ್ಯಾಂಡನ್ ವೆಲ್ಷ್, ಡೇವಿಡ್ ಫ್ಯಾರಿಂಗ್ಟನ್ ಮತ್ತು ಜೊತೆಗಾರರದು. ಕ್ಯಾಮೆರಾ ಇದ್ದ ಪ್ರದೇಶದಲ್ಲಿ, ಇಲ್ಲದ ಹೋಲಿಕೆ ಪ್ರದೇಶಕ್ಕಿಂತ ಅಪರಾಧ ಸರಾಸರಿ ಶೇ 13ರಷ್ಟು ಕಡಿಮೆ ಎಂದು ಅವರು ಕಂಡುಕೊಂಡರು. ಇದು ಸೊನ್ನೆಯಲ್ಲ, ಆದರೆ ಮಾರಾಟಗಾರರು ಹೇಳುವಷ್ಟೂ ಅಲ್ಲ.

ಸರಾಸರಿಯನ್ನು ಬಿಡಿಸಿ ನೋಡಿದಾಗ ವಿಷಯ ತಿಳಿಯಾಗುತ್ತದೆ. ಅತಿ ಹೆಚ್ಚು ಇಳಿದದ್ದು ವಾಹನ ನಿಲುಗಡೆ ಜಾಗಗಳಲ್ಲಿ, ಶೇ 37ರಷ್ಟು. ವಸತಿ ಪ್ರದೇಶದಲ್ಲೂ ಇಳಿಕೆ ಕಂಡಿತು. ಹೊಡೆದಾಟ, ಹಲ್ಲೆಯಂಥ ಹಿಂಸಾ ಅಪರಾಧಗಳ ಮೇಲೆ ಮಾತ್ರ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಕಾರಿನ ಬೀಗ ಮುರಿಯುವವನು ಅತ್ತಿತ್ತ ನೋಡಿ, ಸಿಕ್ಕಿಬೀಳುವ ಸಾಧ್ಯತೆ ಅಳೆದು ಕೈಹಾಕುತ್ತಾನೆ. ಕುಡಿದ ಮತ್ತಿನಲ್ಲೋ ಕೋಪದಲ್ಲೋ ಮೈಮೇಲೆ ಬೀಳುವವನು ಅಳೆಯುವ ಸ್ಥಿತಿಯಲ್ಲೇ ಇರುವುದಿಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ಯಾರಾದರೂ ಕೂತು ನೋಡುತ್ತಿದ್ದ ವ್ಯವಸ್ಥೆಗಳು, ಸುಮ್ಮನೆ ದಾಖಲಿಸುತ್ತಿದ್ದ ವ್ಯವಸ್ಥೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿದವು. ದೀಪ, ಕಾವಲುಗಾರರು, ಪೊಲೀಸ್ ಸಂಪರ್ಕ ಇವುಗಳ ಜೊತೆಗೆ ಹಾಕಿದ ಕ್ಯಾಮೆರಾಗಳು ಒಂಟಿ ಕ್ಯಾಮೆರಾಗಳಿಗಿಂತ ಬಹಳ ಮುಂದಿದ್ದವು. ಅಮೆರಿಕದ ನ್ಯೂವರ್ಕ್ ನಗರದಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಕ್ಯಾಮೆರಾ ಮೊದಲೇ ಇತ್ತು. ಅದಕ್ಕೆ ಮೀಸಲಾದ ಒಬ್ಬ ವೀಕ್ಷಕನನ್ನು ಕೂರಿಸಿ, ಆತ ಹೇಳಿದ ಕಡೆ ತಕ್ಷಣ ಹೋಗಲು ಎರಡು ಗಸ್ತು ಕಾರುಗಳನ್ನು ಬಿಟ್ಟರು. ಹಿಂಸಾ ಅಪರಾಧವೂ ಆಗ ಗಣನೀಯವಾಗಿ ಇಳಿಯಿತು. ಯಂತ್ರ ಬದಲಾಗಿರಲಿಲ್ಲ, ಅದರ ಹಿಂದೆ ಜನ ಬಂದಿದ್ದರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2005ರಲ್ಲಿ ಬ್ರಿಟನ್ನಿನ ಗೃಹ ಇಲಾಖೆಯೇ ಮಾಡಿಸಿದ ಮೌಲ್ಯಮಾಪನದಲ್ಲಿ 14 ವ್ಯವಸ್ಥೆಗಳನ್ನು ಅಳೆದರು. ಹೋಲಿಕೆ ಪ್ರದೇಶಕ್ಕಿಂತ ಗಮನಾರ್ಹವಾಗಿ ಅಪರಾಧ ಇಳಿದದ್ದು ಎರಡರಲ್ಲಿ ಮಾತ್ರ.

ಲೆಸ್ಟರ್ ಕನ್ನಡಿಗ

ಬ್ರಿಟನ್ನಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಕ್ಯಾಮೆರಾಗಳು ಮೂಲೆಮೂಲೆಗೆ ಹರಡಿದ್ದರ ಹಿಂದೆ ಒಂದು ಮಗುವಿನ ಸಾವಿದೆ. 1993ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಬಳಿಯ ಬೂಟಲ್‌ನ ಅಂಗಡಿ ಸಂಕೀರ್ಣದಿಂದ ಎರಡು ವರ್ಷದ ಮಗುವೊಂದನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೈಹಿಡಿದು ಕರೆದೊಯ್ದರು, ಆಮೇಲೆ ಕೊಂದರು. ಕೈಹಿಡಿದು ಹೊರಟ ಆ ಮಸುಕಾದ ಚಿತ್ರ ಸಂಕೀರ್ಣದ ಕ್ಯಾಮೆರಾದಲ್ಲಿ ಸಿಕ್ಕಿತು. ಇಡೀ ದೇಶ ಅದನ್ನು ನೋಡಿ ತಲ್ಲಣಿಸಿತು. ನಂತರದ ವರ್ಷಗಳಲ್ಲಿ ಗೃಹ ಇಲಾಖೆ ಅಪರಾಧ ತಡೆಗೆ ಮೀಸಲಿಟ್ಟ ಹಣದ ಬಹುಪಾಲು ಕ್ಯಾಮೆರಾಗಳಿಗೇ ಹೋಯಿತು. ಆ ಮಗುವನ್ನು ಕ್ಯಾಮೆರಾ ಉಳಿಸಲಿಲ್ಲ, ಹುಡುಗರನ್ನು ಪತ್ತೆಹಚ್ಚಲು ನೆರವಾಯಿತು. ದುಃಖದ ಭರದಲ್ಲಿ ಈ ಎರಡರ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ನಿಮ್ಮ ಶಿಕ್ಷಕಿಯ ಮನೆಯ ಕಳವಿನ ನೋವು ಹಸಿಯಾಗಿರುವಾಗಲೇ ಮತಕ್ಕೆ ಹಾಕುತ್ತಿದ್ದೀರಿ, ಅದಕ್ಕೇ ಇದನ್ನು ಹೇಳಬೇಕೆನಿಸಿತು.

ಹಾಗೆಂದು ಕ್ಯಾಮೆರಾ ಕೆಲಸಕ್ಕೆ ಬಾರದು ಎನ್ನಲಾರೆ. ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ನಾರ್ತ್ ಶೀಲ್ಡ್ಸ್‌ನಲ್ಲಿ ಶಾಲಾ ಮಕ್ಕಳು ಬಸ್ಸಿನ ಸೀಟು ಹರಿಯುವುದು ದೊಡ್ಡ ಕಾಟವಾಗಿತ್ತು. ಕೆಲವೇ ಬಸ್ಸುಗಳಿಗೆ ಕ್ಯಾಮೆರಾ ಹಾಕಿ, ಸೀಟು ಹರಿದ ಮಕ್ಕಳನ್ನು ಗುರುತಿಸಿ, ಶಾಲೆಗಳಿಗೆ ಹೋಗಿ ಮಾತನಾಡಿದರು. ಇಡೀ ಡಿಪೋದ ಬಸ್ಸುಗಳಲ್ಲಿ ಹಾನಿ ಇಳಿಯಿತು. ಯಾವ ಬಸ್ಸಿನಲ್ಲಿ ಕ್ಯಾಮೆರಾ ಇದೆಯೆಂದು ಮಕ್ಕಳಿಗೆ ಗೊತ್ತಿರಲಿಲ್ಲ, ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗಿತ್ತು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಎಲ್ಲರೂ ಓದಿ ತಿಳಿದು ಬರೆದಿದ್ದೀರಿ, ಸಂತೋಷ. ಠಾಣೆಯ ಒಳಗಿನಿಂದ ನೋಡಿದವನಾಗಿ ಕೆಲವು ಮಾತು.

ಇಂದು ಯಾವ ಅಪರಾಧವಾದರೂ ತನಿಖಾಧಿಕಾರಿ ಮೊದಲು ಕಳುಹಿಸುವುದು ಅಕ್ಕಪಕ್ಕದ ಕ್ಯಾಮೆರಾಗಳ ದೃಶ್ಯ ತರಲು. ಸರಗಳ್ಳತನವಾದರೆ ಬೈಕು ಹೋದ ದಿಕ್ಕಿನಲ್ಲಿ ಅಂಗಡಿಯಿಂದ ಅಂಗಡಿಗೆ, ಪೆಟ್ರೋಲ್ ಬಂಕಿಗೆ, ಟೋಲ್‌ವರೆಗೆ ದೃಶ್ಯ ಜೋಡಿಸುತ್ತ ಹೋಗುತ್ತೇವೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಆಗಿದ್ದೂ ಇದೇ. ಟೋಪಿ ಹಾಕಿದ ವ್ಯಕ್ತಿ ಚೀಲ ಇಟ್ಟು ಹೋದದ್ದು, ಬಸ್ಸಿನಲ್ಲಿ ಓಡಾಡಿದ್ದು, ಬಟ್ಟೆ ಬದಲಿಸಿದ್ದು ಒಂದೊಂದೇ ಕ್ಯಾಮೆರಾದಿಂದ ಹೊರಬಂತು. ಬಿಟ್ಟುಹೋದ ಟೋಪಿಯ ಜಾಡು ಚೆನ್ನೈವರೆಗೆ ಹೋಯಿತು. ಆರು ವಾರಗಳಲ್ಲಿ ಎನ್‌ಐಎ ಪಶ್ಚಿಮ ಬಂಗಾಳದಲ್ಲಿ ಆರೋಪಿಗಳನ್ನು ಹಿಡಿಯಿತು. ಪತ್ತೆಯ ವಿಷಯದಲ್ಲಿ ಕ್ಯಾಮೆರಾ ನಮ್ಮ ಬಲಗೈ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ತಡೆಯ ವಿಷಯ ಬೇರೆ. ಹೊಸಬರು, ಪುಂಡು ಹುಡುಗರು ಕ್ಯಾಮೆರಾ ಕಂಡರೆ ಹಿಂಜರಿಯುತ್ತಾರೆ. ಕಸುಬಿನ ಕಳ್ಳರು ಬರುವಾಗಲೇ ಅದಕ್ಕೆ ಉಪಾಯ ಮಾಡಿಕೊಂಡು ಬರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆ ನ್ಯಾಮತಿಯ ಬ್ಯಾಂಕಿನಲ್ಲಿ 17 ಕಿಲೋಗೂ ಹೆಚ್ಚು ಬಂಗಾರ ಹೋಯಿತು. ಕಿಟಕಿಯ ಸರಳು ಕತ್ತರಿಸಿ ಒಳನುಗ್ಗಿದವರು ಹೋಗುವಾಗ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದರು, ನಾಯಿಗೆ ವಾಸನೆ ಸಿಗದಂತೆ ಖಾರದ ಪುಡಿ ಎರಚಿದರು. ಆ ಪ್ರಕರಣ ಭೇದಿಸಲು ತಿಂಗಳುಗಳೇ ಬೇಕಾದವು. ಕೊನೆಗೆ ಬಂಗಾರ ಸಿಕ್ಕಿದ್ದು ತಮಿಳುನಾಡಿನ ಒಂದು ಬಾವಿಯಲ್ಲಿ. 2025ರ ಜನವರಿಯಲ್ಲಿ ಉಳ್ಳಾಲ ಬಳಿಯ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಹಾಡಹಗಲೇ ದರೋಡೆಕೋರರು ನುಗ್ಗಿದಾಗ ಅಲ್ಲಿನ ಸಿಸಿಟಿವಿ ದುರಸ್ತಿಯಲ್ಲಿತ್ತು. ಅದರ ಹಿಂದಿನ ದಿನ ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದವರು ಕ್ಯಾಮೆರಾಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಜೀವ ಹೋಯಿತು.

ಹಾಗಾಗಿ ಮೂರನೇ ಅಡ್ಡರಸ್ತೆಯವರಿಗೆ ನನ್ನ ಪ್ರಶ್ನೆ: ನಿಮ್ಮಲ್ಲಿ ಕಳ್ಳರು ಒಳಗೆ ಬಂದದ್ದು ಯಾವ ದಾರಿಯಿಂದ? ಕತ್ತಲಿರುವ ಕಾಲುವೆ ರಸ್ತೆಯಿಂದಲೇ ಬಂದಿರಬೇಕು ಎಂದು ನನಗೆ ಅನಿಸುತ್ತದೆ. ಬೀಗ ಹಾಕಿ ಊರಿಗೆ ಹೋಗುವಾಗ ಠಾಣೆಗೆ ತಿಳಿಸಿದವರು ಎಷ್ಟು ಮಂದಿ?

ಸಂತೆಪೇಟೆ ಅಂಗಡಿ

ಸರ್, ಬ್ಯಾಂಕ್ ದರೋಡೆಗೂ ಬಡಾವಣೆಯ ಕಳವಿಗೂ ಹೋಲಿಕೆ ಸರಿಯಲ್ಲ. ನಮ್ಮಲ್ಲಿಗೆ ಬರುವವರು ಸಣ್ಣ ಕಳ್ಳರು. ಅಂಥವರು ಹಿಂಜರಿಯುತ್ತಾರೆಂದು ನೀವೇ ಹೇಳಿದ್ದೀರಿ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಒಪ್ಪುತ್ತೇನೆ. ಆದರೆ ಬೀಗ ಹಾಕಿದ ಮನೆಯನ್ನು ಹಗಲು ನೋಡಿಕೊಂಡು ಹೋಗಿ ರಾತ್ರಿ ಬರುವವನು ಸಣ್ಣ ಕಳ್ಳನಲ್ಲ. ಅವನಿಗೆ ಅದೇ ಕಸುಬು. ಟೋಪಿ, ಮಾಸ್ಕ್ ಹಾಕಿಕೊಂಡೇ ಬರುತ್ತಾನೆ. ಕೊರೊನಾ ನಂತರ ಮಾಸ್ಕ್ ಹಾಕಿದವನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ತೀರ್ಥಹಳ್ಳಿ ತೋಟ

ಪೇಟೆಯ ಚರ್ಚೆಯ ಮಧ್ಯೆ ಹಳ್ಳಿಯ ಅನುಭವವೊಂದು. ಅಡಿಕೆ ಧಾರಣೆ ಏರಿದ ಮೇಲೆ ನಮ್ಮ ಕಡೆ ಕಣದಲ್ಲಿ ಒಣಹಾಕಿದ ಅಡಿಕೆಯನ್ನು ರಾತ್ರೋರಾತ್ರಿ ಮೂಟೆ ಕಟ್ಟಿಕೊಂಡು ಹೋಗುವುದು, ಮರದಲ್ಲಿದ್ದ ಹಸಿ ಗೊನೆಯನ್ನೇ ಇಳಿಸಿಕೊಂಡು ಹೋಗುವುದು ಶುರುವಾಯಿತು. ವರ್ಷದ ದುಡಿಮೆ ಒಂದು ರಾತ್ರಿಗೆ ಹೋಗುತ್ತದೆ. ಮೊದಲೆಲ್ಲ ಕಣದ ಮಾಡಿನಲ್ಲಿ ಯಾರಾದರೂ ಮಲಗುತ್ತಿದ್ದರು. ಈಗ ಮಕ್ಕಳೆಲ್ಲ ಪೇಟೆಯಲ್ಲಿ, ಮನೆಯಲ್ಲಿ ವಯಸ್ಸಾದವರಿಬ್ಬರೇ.

ಸೋಲಾರ್ ಹಲಗೆಯ, ಸಿಮ್ ಹಾಕುವ ಕ್ಯಾಮೆರಾ ತಂದು ಕಣಕ್ಕೆ ಕಟ್ಟಿದೆವು. ಯಾರಾದರೂ ಬಂದರೆ ಮೊಬೈಲ್‌ಗೆ ಸದ್ದು ಬರುತ್ತದೆ, ಅದರಲ್ಲೇ ಮಾತನಾಡಿ ಕೂಗಲೂ ಬಹುದು. ಬೆಂಗಳೂರಿನಲ್ಲಿರುವ ಮಗನ ಮೊಬೈಲ್‌ಗೂ ಹೋಗುತ್ತದೆ. ಒಂದು ರಾತ್ರಿ ಅವನೇ ಅಲ್ಲಿಂದ ಪಕ್ಕದ ಮನೆಯವರಿಗೆ ಫೋನ್ ಮಾಡಿದ. ಅವರು ಲೈಟು ಹಾಕಿ, ನಾಯಿ ಬಿಟ್ಟು, ಕೂಗುತ್ತ ಬಂದರು. ಬಂದವರು ಚೀಲ ಬಿಟ್ಟು ಓಡಿದರು. ನಮ್ಮ ಕೇರಿಯ ಮನೆಗಳವರೆಲ್ಲ ಒಬ್ಬರಿಗೊಬ್ಬರು ಹೀಗೆ ಎದ್ದು ಹೋಗುವುದೆಂದು ಮಾತಾಡಿಕೊಂಡಿದ್ದೇವೆ. ಆ ಮಾತುಕತೆ ಇಲ್ಲದಿದ್ದರೆ ಮಗ ಬೆಂಗಳೂರಿನಲ್ಲಿ ಕೂತು ಅಡಿಕೆ ಹೋಗುವುದನ್ನು ನೋಡಬೇಕಾಗುತ್ತಿತ್ತು.

ತೊಂದರೆಯೂ ಇದೆ. ಮಳೆಗಾಲದ ಮೂರು ತಿಂಗಳು ಬಿಸಿಲಿಲ್ಲದೆ ಬ್ಯಾಟರಿ ಏಳುವುದಿಲ್ಲ. ಸಿಗ್ನಲ್ ಗುಡ್ಡದ ಆಚೆ ಹೋದರೆ ಬರುವುದಿಲ್ಲ. ಹಸಿ ಗೊನೆ ಕದಿಯುವವರಿಗೆ ತೋಟವಿಡೀ ಬಯಲು, ಎಲ್ಲಿಗೆಂದು ಕ್ಯಾಮೆರಾ ಕಟ್ಟುವುದು?

ಕೇಬಲ್ ಮತ್ತು ಏಣಿ

ನಾನು ಕ್ಯಾಮೆರಾ ಹಾಕುವ ಕೆಲಸದವನು. ನನ್ನ ಹೊಟ್ಟೆಪಾಡೇ ಇದು, ಆದರೂ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಬಡಾವಣೆಗಳಲ್ಲಿ ಹಣ ಹಾಳಾಗುವುದು ಎಲ್ಲಿ ಎಂದು ದಿನವೂ ನೋಡುತ್ತೇನೆ.

ಮೊದಲನೆಯದು ದೂರ. ಅಪರಿಚಿತನ ಮುಖವನ್ನು ಗುರುತಿಸಬೇಕಾದರೆ ದೃಶ್ಯದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕು ಎಂಬುದು 2014ರ ಅಂತರರಾಷ್ಟ್ರೀಯ ಮಾನದಂಡ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1,920 ಪಿಕ್ಸೆಲ್ ಅಗಲ ಇರುತ್ತದೆ. ಭಾಗಿಸಿ ನೋಡಿ, ಏಳೂವರೆ ಮೀಟರ್ ಚಿಲ್ಲರೆ ಅಗಲದವರೆಗೆ ಮಾತ್ರ ಮುಖ ಸಿಗುತ್ತದೆ. ನೀವು ಅದನ್ನು ಕಂಬದ ತುದಿಗೆ ಏರಿಸಿ ಇಡೀ ರಸ್ತೆ ಕಾಣಲಿ ಎಂದರೆ ರಸ್ತೆ ಕಾಣುತ್ತದೆ, ಮನುಷ್ಯನ ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಸಭೆಯಲ್ಲಿ ಹಗಲು ಹೊತ್ತಿನ ಮಾದರಿ ದೃಶ್ಯ ತೋರಿಸಿ ಒಪ್ಪಿಸುತ್ತಾರೆ. ರಾತ್ರಿ ಎರಡು ಗಂಟೆಯ ದೃಶ್ಯ ತೋರಿಸಿ ಎಂದು ಕೇಳಿ.

ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ನಂಬರ್ ಪ್ಲೇಟ್ ಬಿಳಿ ಚೌಕವಾಗಿ ಹೊಳೆಯುತ್ತದೆ, ಅಕ್ಷರ ಅಳಿಸಿಹೋಗುತ್ತದೆ. ಅದೇ ಬೆಳಕಿಗೆ ಹುಳ ಬರುತ್ತವೆ, ಹುಳ ತಿನ್ನಲು ಜೇಡ ಬಂದು ಗಾಜಿನ ಮುಂದೆಯೇ ಬಲೆ ಕಟ್ಟುತ್ತದೆ. ರಾತ್ರಿಯಿಡೀ ಬಲೆ ಅಲ್ಲಾಡುವುದೇ ದಾಖಲಾಗಿರುತ್ತದೆ. ಬಟ್ಟೆಯಿಂದ ಒರೆಸಿದರೆ ಮುಗಿಯುವ ಕೆಲಸ, ಒರೆಸುವವರಿಲ್ಲ.

ಇನ್ನು ಹಾರ್ಡ್ ಡಿಸ್ಕ್. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 21 ಜಿಬಿ ಆಯಿತು. ಎಂಟು ಕ್ಯಾಮೆರಾ ಇದ್ದರೆ 2 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯತೊಡಗುತ್ತದೆ. ಹದಿನಾರಕ್ಕೆ ಆರು ದಿನವೂ ಇಲ್ಲ. ದಸರಾ ರಜೆ ಮುಗಿಸಿ ಬಂದು ಬೀಗ ಒಡೆದದ್ದು ನೋಡುವ ಹೊತ್ತಿಗೆ ಆ ರಾತ್ರಿಯ ದೃಶ್ಯ ಅಳಿಸಿಹೋಗಿರುತ್ತದೆ. ಬೆಲೆಪಟ್ಟಿಯಲ್ಲಿ ಡಿಸ್ಕ್ ಎಷ್ಟು ದೊಡ್ಡದು ಎಂದು ಮೊದಲು ನೋಡಿ.

ಮೂರನೇ ಅಡ್ಡರಸ್ತೆ, ಮೈಸೂರು

ಈಗಷ್ಟೇ ಬೆಲೆಪಟ್ಟಿ ತೆಗೆದು ನೋಡಿದೆ. 16 ಕ್ಯಾಮೆರಾ, 2 ಟಿಬಿ. ಯಾರೂ ಗಮನಿಸಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಸರ್, ನೀವು ಊಹಿಸಿದ್ದು ಸರಿ. ಎಲ್ಲ ಕಳವುಗಳಲ್ಲೂ ಕಾಲುವೆ ರಸ್ತೆಯ ಕಡೆಯ ಕಾಂಪೌಂಡ್ ಹಾರಿಯೇ ಬಂದಿದ್ದಾರೆ ಎಂದು ಮಹಜರಿನಲ್ಲಿದೆ. ಠಾಣೆಗೆ ತಿಳಿಸಿ ಹೋದವರು ಯಾರೂ ಇಲ್ಲ.

ಬಾಡಿಗೆ ಮನೆ

ಒಂದು ವಿಷಯ ಇನ್ನೂ ಯಾರೂ ಎತ್ತಿಲ್ಲ. ನಾವಿರುವ ಬೀದಿಯಲ್ಲಿ ಕ್ಯಾಮೆರಾ ಹಾಕಿದ ಮೇಲೆ ದೃಶ್ಯ ನೋಡುವ ಅಧಿಕಾರ ಸಂಘದ ಒಬ್ಬಿಬ್ಬರ ಮೊಬೈಲ್‌ಗೆ ಬಂತು. ಕಳ್ಳ ಸಿಗಲಿಲ್ಲ. ಬಾಡಿಗೆಗಿರುವ ಹುಡುಗಿಯರು ಎಷ್ಟು ಹೊತ್ತಿಗೆ ಬಂದರು, ಯಾರ ಬೈಕಿನಲ್ಲಿ ಇಳಿದರು ಎಂಬುದು ಮಾತ್ರ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಮನೆಗೆಲಸದ ಹೆಂಗಸೊಬ್ಬರು ಚೀಲ ಹಿಡಿದು ಹೊರಟ ದೃಶ್ಯ ಹಾಕಿ, ಅದರಲ್ಲೇನಿದೆ ಎಂದು ನಾಲ್ಕು ಜನರ ಮುಂದೆ ಕೇಳಿದರು. ಅದರಲ್ಲಿದ್ದದ್ದು ಮನೆಯೊಡತಿ ಕೊಟ್ಟ ಹಳೆಯ ಬಟ್ಟೆ. ಆಕೆ ಮರುದಿನದಿಂದ ಆ ಬೀದಿಗೆ ಬರಲಿಲ್ಲ. ಇಂಥ ಅವಮಾನವನ್ನು ಯಾವ ಅಂಕಿಅಂಶದಲ್ಲಿ ಲೆಕ್ಕ ಹಾಕುತ್ತೀರಿ?

ಸಂತೆಪೇಟೆ ಅಂಗಡಿ

ತಪ್ಪು ಮಾಡದವರು ಕ್ಯಾಮೆರಾಕ್ಕೆ ಯಾಕೆ ಹೆದರಬೇಕು?

ಬಾಡಿಗೆ ಮನೆ

ಆ ಹೆಂಗಸು ಯಾವ ತಪ್ಪು ಮಾಡಿದ್ದರು, ಹೇಳಿ.

ಧಾರವಾಡ ವಕೀಲೆ

ಬಾಡಿಗೆ ಮನೆಯವರ ಪ್ರಶ್ನೆ ನ್ಯಾಯವಾದದ್ದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಬೀದಿಯಲ್ಲಿ ನಡೆಯುವಾಗ ಮನುಷ್ಯನ ಘನತೆ ಮನೆಯಲ್ಲೇ ಉಳಿಯುವುದಿಲ್ಲ. ದೃಶ್ಯ ಯಾರ ಕೈಗೆ ಸಿಗುತ್ತದೆ ಎಂಬುದರಲ್ಲಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ 2025ರಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಪ್ರಕರಣ ನೋಡಿ. ತಪಾಸಣಾ ಕೋಣೆಯ ಕ್ಯಾಮೆರಾ ದೃಶ್ಯಗಳು ಹೊರಬಿದ್ದು ಟೆಲಿಗ್ರಾಂನಲ್ಲಿ ಮಾರಾಟವಾದವು. ಸುರಕ್ಷತೆಗೆಂದೇ ಹಾಕಿದ ಕ್ಯಾಮೆರಾ ಅದು.

ಇನ್ನು ಸಾಕ್ಷ್ಯದ ವಿಷಯ. ದೃಶ್ಯ ಸಿಕ್ಕಿತು ಎಂದರೆ ಶಿಕ್ಷೆಯಾಯಿತು ಎಂದಲ್ಲ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ನ್ಯಾಯಾಲಯ ಒಪ್ಪಬೇಕಾದರೆ ಪ್ರಮಾಣಪತ್ರ ಬೇಕು. ಮೊದಲು ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 65ಬಿ ಇತ್ತು. 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63. ಈಗಿನ ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದನ್ನು ಉಪಕರಣದ ಉಸ್ತುವಾರಿ ಇರುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ತಿದ್ದುಪಡಿಯಾಗಿಲ್ಲ ಎಂದು ತೋರಿಸುವ ಗುರುತು ಸಂಕೇತವನ್ನೂ, ನಮೂದಿಸಬೇಕು. ಸಂಘದ ಯಾರೋ ಪರದೆಯ ಮೇಲಿನ ದೃಶ್ಯವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದನ್ನು ಹಿಡಿದುಕೊಂಡು ಬಂದರೆ ಎದುರು ಪಕ್ಷದ ವಕೀಲರಿಗೆ ಹಬ್ಬ. ಡಿವಿಆರ್‌ನ ಗಡಿಯಾರ ಹತ್ತು ನಿಮಿಷ ಹಿಂದಿದ್ದರೂ ಪಾಟಿ ಸವಾಲಿನಲ್ಲಿ ಅದೇ ದೊಡ್ಡ ಅಸ್ತ್ರವಾಗುತ್ತದೆ.

ಇದ್ದ ದೃಶ್ಯವನ್ನು ಹಾಜರುಪಡಿಸದಿದ್ದರೂ ಪ್ರಕರಣ ಬೀಳುತ್ತದೆ. ವಾರಾಣಸಿಯ ಹೋಟೆಲಿನಲ್ಲಿ ನಡೆದ ಸಾವಿನ ಪ್ರಕರಣದಲ್ಲಿ ಇಬ್ಬರು ಇಟಲಿಯ ಪ್ರಜೆಗಳಿಗೆ ಶಿಕ್ಷೆಯಾಗಿತ್ತು. ಹೋಟೆಲಿನಲ್ಲಿ ಸಿಸಿಟಿವಿ ಇದ್ದೂ ಪ್ರಾಸಿಕ್ಯೂಷನ್ ಆ ದೃಶ್ಯವನ್ನು ಮುಂದಿಡಲಿಲ್ಲ ಎಂಬುದನ್ನು ಗಂಭೀರವಾಗಿ ಪರಿಗಣಿಸಿ ಸುಪ್ರೀಂ ಕೋರ್ಟ್ 2015ರಲ್ಲಿ ಅವರನ್ನು ಖುಲಾಸೆ ಮಾಡಿತು.

ಕ್ಯಾಮೆರಾ ಬೇಕೇ ಬೇಕು ಎಂದು ನಾನು ಪಟ್ಟುಹಿಡಿಯುವ ಜಾಗ ಒಂದಿದೆ, ಅದು ಪೊಲೀಸ್ ಠಾಣೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಕಾರಿಡಾರ್‌ಗಳಲ್ಲಿ ಧ್ವನಿಸಹಿತ ದಾಖಲಿಸುವ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಎಂದಿತು. ಐದು ವರ್ಷ ಕಳೆಯುತ್ತ ಬಂದರೂ ಅದು ಪೂರ್ಣ ಜಾರಿಯಾಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದ ಕಸ್ಟಡಿ ಸಾವುಗಳ ಪತ್ರಿಕಾ ವರದಿ ನೋಡಿ ಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ಬೀದಿಯ ಬಡವರ ಮೇಲೆ ಇಷ್ಟು ಬೇಗ ಕಣ್ಣಿಡುವ ವ್ಯವಸ್ಥೆ, ಲಾಕಪ್ ಮೇಲೆ ಕಣ್ಣಿಡಲು ಇಷ್ಟು ತಡಮಾಡುವುದು ನನಗೆ ಸಹಿಸಲಾಗದ ಸಂಗತಿ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಮೇಡಂ, ಇದನ್ನು ಇಲಾಖೆಯವನಾಗಿಯೇ ಒಪ್ಪುತ್ತೇನೆ. ಸುಳ್ಳು ಆರೋಪದಿಂದ ಪ್ರಾಮಾಣಿಕ ಸಿಬ್ಬಂದಿಯನ್ನು ಕಾಪಾಡುವುದೂ ಅದೇ ಕ್ಯಾಮೆರಾ.

ಬೆಳಗಿನ ಪಾಳಿ

ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ 7,000ಕ್ಕೂ ಹೆಚ್ಚು ಕ್ಯಾಮೆರಾ ಹಾಕಿದರು, 2023ರ ಮಾರ್ಚ್‌ನಲ್ಲಿ ಕಮಾಂಡ್ ಸೆಂಟರ್ ಉದ್ಘಾಟನೆಯಾಯಿತು. ಅಲ್ಲಿ ನೋಡುವವರಿದ್ದಾರೆ, 112ಕ್ಕೆ ಕರೆ ಮಾಡಿದರೆ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ. ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಾಗ ಕಂಬದ ಮೇಲಿನ ಕ್ಯಾಮೆರಾಕ್ಕಿಂತ ಆ ವಾಹನ ಕಣ್ಣಿಗೆ ಬಿದ್ದರೆ ನನಗೆ ಹೆಚ್ಚು ಧೈರ್ಯ. ಇನ್ನೂ ಒಂದು ಮಾತು, ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿ ವರ್ಷವರ್ಷವೂ ಹೇಳುವುದು ಒಂದೇ: ಮಹಿಳೆಯರ ವಿರುದ್ಧದ ಅಪರಾಧಗಳಲ್ಲಿ ಅತಿ ದೊಡ್ಡ ಪಾಲು ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ್ದು. ಆ ಅಡುಗೆಮನೆಗೆ ಯಾವ ಕ್ಯಾಮೆರಾವೂ ಹೋಗುವುದಿಲ್ಲ. ಮಹಿಳಾ ಸುರಕ್ಷತೆಯ ಹೆಸರಿನ ಹಣದಲ್ಲಿ ಇಷ್ಟು ದೊಡ್ಡ ಭಾಗ ಕಂಬಗಳ ಪಾಲಾಗುವುದನ್ನು ನಾನು ಒಪ್ಪಲಾರೆ.

ಅಂಕಿಅಂಶ

ಪತ್ತೆಗೆ ಎಷ್ಟು ಉಪಯೋಗ ಎಂಬುದಕ್ಕೂ ಒಂದು ಒಳ್ಳೆಯ ಅಧ್ಯಯನವಿದೆ. ಬ್ರಿಟನ್ನಿನ ರೈಲ್ವೆಯಲ್ಲಿ 2011ರಿಂದ 2015ರವರೆಗೆ ದಾಖಲಾದ ಎರಡೂವರೆ ಲಕ್ಷ ಅಪರಾಧಗಳನ್ನು ಮ್ಯಾಥ್ಯೂ ಆ್ಯಶ್‌ಬಿ ಪರಿಶೀಲಿಸಿದರು. ದೃಶ್ಯ ಲಭ್ಯವಿದ್ದದ್ದು ಶೇ 45ರಷ್ಟು ಪ್ರಕರಣಗಳಲ್ಲಿ, ಅದು ತನಿಖೆಗೆ ಉಪಯುಕ್ತವಾದದ್ದು ಒಟ್ಟು ಪ್ರಕರಣಗಳ ಶೇ 29ರಲ್ಲಿ. ನಿಗಾ ದಟ್ಟವಾಗಿರುವ ರೈಲು ನಿಲ್ದಾಣಗಳ ಲೆಕ್ಕ ಇದು.

ಬೀದಿದೀಪದ ಬಗ್ಗೆಯೂ ಹೇಳಿಬಿಡುತ್ತೇನೆ. ಅದೇ ವೆಲ್ಷ್ ಮತ್ತು ಫ್ಯಾರಿಂಗ್ಟನ್ 2008ರಲ್ಲಿ ಮಾಡಿದ ವಿಮರ್ಶೆಯಲ್ಲಿ, ದೀಪ ಉತ್ತಮಪಡಿಸಿದ ಕಡೆ ಅಪರಾಧ ಶೇ 21ರಷ್ಟು ಕಡಿಮೆಯಾಗಿತ್ತು. ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಚೀಟಿ ಎತ್ತಿ ಕೆಲವಕ್ಕೆ ಮಾತ್ರ ದೀಪಸ್ತಂಭ ಕೊಟ್ಟು ನೋಡಿದಾಗ, ರಾತ್ರಿ ಹೊರಾಂಗಣದ ಗಂಭೀರ ಅಪರಾಧ ಶೇ 36ರಷ್ಟು ಇಳಿಯಿತು. ನಿಮ್ಮ ಕಾಲುವೆ ರಸ್ತೆಯ ದೀಪ ಸರಿಪಡಿಸುವುದು ಪಾಲಿಕೆಯ ಕೆಲಸ, ಸಂಘಕ್ಕೆ ಖರ್ಚಿಲ್ಲ.

ಮೂರನೇ ಅಡ್ಡರಸ್ತೆ, ಮೈಸೂರು

ಸಭೆ ನಡೆಯಿತು. ನಿಮ್ಮ ಬರಹಗಳನ್ನು ಓದಿ ಹೇಳಿದೆ. ವಾದ ಜೋರಾಗಿಯೇ ಆಯಿತು, ಕೆಲವರು ಸಿಟ್ಟಾಗಿ ಎದ್ದೂ ಹೋದರು. 16 ಕ್ಯಾಮೆರಾದ ಪ್ರಸ್ತಾಪ ಬಿದ್ದುಹೋಗಿಲ್ಲ, ಮುಂದೂಡಿದ್ದಾರೆ. ಸದ್ಯಕ್ಕೆ ಒಳಬರುವ ಎರಡು ದಾರಿ ಮತ್ತು ಕಾಲುವೆ ರಸ್ತೆಗೆ ಮಾತ್ರ ಕ್ಯಾಮೆರಾ. ಉಳಿದ ಹಣದಲ್ಲಿ ರಾತ್ರಿ ಕಾವಲುಗಾರರೊಬ್ಬರನ್ನು ನೇಮಿಸುವುದೆಂದು ಒಪ್ಪಿದರು. ದೀಪಕ್ಕಾಗಿ ವಾರ್ಡ್ ಕಚೇರಿಗೆ ಎಲ್ಲರ ಸಹಿ ಹಾಕಿದ ಮನವಿ ಕೊಟ್ಟಿದ್ದೇವೆ. ದೃಶ್ಯಗಳನ್ನು ಯಾವ ಗುಂಪಿಗೂ ಹಾಕಬಾರದು, ಪೊಲೀಸರು ಬರಹದಲ್ಲಿ ಕೇಳಿದಾಗ ಮಾತ್ರ ಇಬ್ಬರ ಎದುರಿನಲ್ಲಿ ತೆಗೆಯಬೇಕು ಎಂಬ ನಿಯಮವನ್ನು ಬರೆದುಕೊಂಡೆವು. ಬಾಡಿಗೆ ಮನೆಯವರೇ, ಅದು ನಿಮ್ಮ ಮಾತಿನಿಂದಲೇ ಆದದ್ದು.

ಶಿಕ್ಷಕಿಯ ಮನೆಯ ಮಹಡಿಯಲ್ಲಿ ಸದ್ಯಕ್ಕೆ ಪಕ್ಕದ ಮನೆಯ ಕಾಲೇಜು ಹುಡುಗಿ ರಾತ್ರಿ ಓದಿಕೊಳ್ಳಲು ಹೋಗುತ್ತಿದ್ದಾಳೆ.

ಎರಡು ಪ್ರಶ್ನೆ ಉಳಿದಿವೆ. ಕ್ಯಾಮೆರಾ ಎಷ್ಟು ಎತ್ತರಕ್ಕಿರಬೇಕು? ಠಾಣೆಗೆ ಏನಾದರೂ ಬರೆದುಕೊಡಬೇಕೇ?

ಸಂತೆಪೇಟೆ ಅಂಗಡಿ

ಒಳಗಿನ ಅಡ್ಡರಸ್ತೆಗಳನ್ನು ಹಾಗೆಯೇ ಬಿಟ್ಟದ್ದು ತಪ್ಪು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಕಾವಲುಗಾರ ರಜೆ ಹಾಕುತ್ತಾನೆ, ನಿದ್ದೆ ಮಾಡುತ್ತಾನೆ. ಆದರೂ ಡಿಸ್ಕ್ ಮಾತ್ರ ದೊಡ್ಡದು ಹಾಕಿಸಿ.

ಕೇಬಲ್ ಮತ್ತು ಏಣಿ

ಮುಖ ಬೇಕಾದ ಕ್ಯಾಮೆರಾ ಎರಡೂವರೆಯಿಂದ ಮೂರು ಮೀಟರ್ ಎತ್ತರದಲ್ಲಿರಲಿ, ಗೇಟಿನ ಕಿರಿದಾದ ಭಾಗಕ್ಕೆ ಮುಖಮಾಡಿರಲಿ. ಬೆಳಗಿನ ಬಿಸಿಲು ನೇರವಾಗಿ ಗಾಜಿಗೆ ಹೊಡೆಯದಂತೆ ನೋಡಿಕೊಳ್ಳಿ. ರೆಕಾರ್ಡರ್ ಪೆಟ್ಟಿಗೆಯನ್ನು ಕಾವಲು ಕೋಣೆಯಲ್ಲಿ ಇಡಬೇಡಿ, ಯಾರದಾದರೂ ಮನೆಯೊಳಗೆ ಬೀರುವಿನಲ್ಲಿ ಇರಲಿ. ಯುಪಿಎಸ್ ಬೇಕು. ಡಬ್ಬಿಯಲ್ಲಿ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. ವಾರಕ್ಕೊಮ್ಮೆ ಒಬ್ಬರು ಹಿಂದಿನ ರಾತ್ರಿಯ ಐದು ನಿಮಿಷದ ದೃಶ್ಯ ತೆಗೆದು ನೋಡಿದರೆ ಕೆಟ್ಟದ್ದು ತಕ್ಷಣ ಗೊತ್ತಾಗುತ್ತದೆ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಠಾಣೆಗೆ ಒಂದು ಪತ್ರ ಕೊಡಿ: ಕ್ಯಾಮೆರಾ ಎಲ್ಲೆಲ್ಲಿ ಇವೆ, ಎಷ್ಟು ದಿನದ ದೃಶ್ಯ ಉಳಿಯುತ್ತದೆ, ರಾತ್ರಿ ಕರೆ ಮಾಡಿದರೆ ಎತ್ತುವ ಇಬ್ಬರ ಮೊಬೈಲ್ ಸಂಖ್ಯೆ. ಅದಕ್ಕೆ ಸ್ವೀಕೃತಿ ಪಡೆಯಿರಿ. ಬೀಟ್ ಸಿಬ್ಬಂದಿಯ ಹೆಸರು, ಸಂಖ್ಯೆ ಕೇಳಿ ಕಾವಲುಗಾರರ ಬಳಿ ಇಡಿ. ಪೊಲೀಸರು ದೃಶ್ಯ ಕೇಳಿ ಬಂದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 94ರ ನೋಟಿಸ್ ಪಡೆದು ಕೊಡಿ, ರೆಕಾರ್ಡರ್‌ನ ಗಡಿಯಾರ ಎಷ್ಟು ಹೆಚ್ಚುಕಡಿಮೆ ಇದೆ ಎಂಬುದನ್ನು ಅದೇ ಹೊತ್ತಿಗೆ ಮಹಜರಿನಲ್ಲಿ ಬರೆಸಿ. ಸಂಕ್ರಾಂತಿಗೆ ಊರಿಗೆ ಹೋಗುವವರ ಪಟ್ಟಿಯನ್ನು ಈಗಲೇ ಮಾಡಲು ಶುರುಮಾಡಿ.